ಮಾಸ್ಟ್ರ ತಲೆ, ಪುತ್ತುಬ್ಬರ ಕಾಯಿ

ಕಾಪುವಿನ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ಟ್ರಾಗಿದ್ದ ಸರ್ವೋತ್ತಮರಿಗೆ ಐವತ್ತು ದಾಟಿದ ಮೇಲೆ ತೆಂಗಿನಕಾಯಿಯ ಮೇಲೆ ಇದ್ದಕ್ಕಿದ್ದಂತೆ ಭಕ್ತಿ ಹುಟ್ಟಿತು. ಅದಕ್ಕೆ ಕಾರಣ ದೆಹಲಿಯ ಏಷ್ಯಾಡ್.

ಎಂಬತ್ತೆರಡರ ಕೊನೆಯಲ್ಲಿ ಏಷ್ಯಾಡ್ ನಡೆಯುವಷ್ಟು ದಿನವೂ ಮಾಸ್ಟ್ರು ರೇಡಿಯೋವನ್ನು ಕಿವಿಯಿಂದ ತೆಗೆಯಲಿಲ್ಲ. ಅಲ್ಲಿ ಕಬಡ್ಡಿಯನ್ನು ಪ್ರದರ್ಶನದ ಆಟವಾಗಿ ಆಡಿಸಿದರು ಎಂಬ ಸುದ್ದಿ ಬಂದಾಗ ಅವರು ಕುರ್ಚಿಯಿಂದ ಎದ್ದು ನಿಂತರು.

"ರತ್ನಾ, ಕೇಳಿದೆಯಾ? ನಾವು ಗದ್ದೆಯಲ್ಲಿ ಚಡ್ಡಿ ಹರಿದುಕೊಂಡು ಆಡಿದ ಆಟಕ್ಕೆ ದೆಹಲಿಯಲ್ಲಿ ಬ್ಯಾಂಡು ಬಾರಿಸಿದ್ದಾರೆ!"

"ಹರಿದದ್ದನ್ನು ಹೊಲಿದವರಿಗೂ ಒಂದು ಪದಕ ಕೊಡಲಿಕ್ಕೆ ಹೇಳಿ" ಎಂದರು ಹೆಂಡತಿ ರತ್ನಾವತಿ ಅಡುಗೆಮನೆಯಿಂದ.

ಮಾಸ್ಟ್ರು ಹುಟ್ಟಿದ್ದು ಅಜೆಕಾರಿನಲ್ಲಿ. ಚಿಕ್ಕಂದಿನಲ್ಲಿ ದೀಪಾವಳಿ ಬಂತೆಂದರೆ ಅವರ ಊರಿನಲ್ಲಿ ಕಾಯಿ ಕುಟ್ಟುವ ಆಟ. ಇಬ್ಬರು ಎದುರುಬದುರು ಕೂರುವುದು. ಒಬ್ಬ ಸುಲಿದ ತೆಂಗಿನಕಾಯಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿಯುವುದು, ಇನ್ನೊಬ್ಬ ತನ್ನ ಕಾಯಿಯಿಂದ ಅದಕ್ಕೆ ಕುಟ್ಟುವುದು. ಮತ್ತೆ ಸರದಿ ಬದಲು. ಯಾರ ಕಾಯಿ ಒಡೆಯಿತೋ ಅವನು ಸೋತ. ಒಡೆದ ಕಾಯಿ ಗೆದ್ದವನ ಮನೆಗೆ. ಇಷ್ಟೇ ಆಟ. ಆದರೆ ಇದರಲ್ಲಿ ಅಣ್ಣ ತಮ್ಮಂದಿರು ಮಾತು ಬಿಟ್ಟದ್ದುಂಟು, ಮದುವೆಯ ಮಾತುಕತೆ ಮುರಿದದ್ದುಂಟು, ಬೆರಳುಗಳಂತೂ ಲೆಕ್ಕವಿಲ್ಲದಷ್ಟು ಜಜ್ಜಿದ್ದುಂಟು. ಈಗ ಕಾಪುವಿನ ಮಕ್ಕಳಿಗೆ ಇದೊಂದೂ ಬೇಡ. ಸಿಕ್ಕಿದಲ್ಲಿ ಮೂರು ಕೋಲು ನೆಟ್ಟು ಕ್ರಿಕೆಟ್.

ಮರುದಿನ ಪ್ರಾರ್ಥನೆಯ ಹೊತ್ತಿಗೆ ಮಾಸ್ಟ್ರು ಮಕ್ಕಳನ್ನು ಬಿಸಿಲಿನಲ್ಲಿ ನಿಲ್ಲಿಸಿ ಭಾಷಣ ಮಾಡಿದರು. "ಸ್ಕಾಟ್‌ಲೆಂಡ್ ಎಂಬ ದೇಶದಲ್ಲಿ ಮರದ ಕಂಬವನ್ನೇ ಎತ್ತಿ ಬಿಸಾಡುವ ಆಟ ಉಂಟು. ಅದನ್ನು ನೋಡಲು ಹೊರದೇಶದಿಂದ ಜನ ಬರುತ್ತಾರೆ. ಜಪಾನಿನಲ್ಲಿ ಅಕ್ಕಿ ಮುಡಿಯ ಹಾಗೆ ದುಂಡಗಿರುವ ಇಬ್ಬರು ಲಂಗೋಟಿ ಕಟ್ಟಿ ಒಬ್ಬರನ್ನೊಬ್ಬರು ದೂಡುತ್ತಾರೆ, ಅವರಿಗೆ ದೇವರ ಮರ್ಯಾದೆ. ಅವರೆಲ್ಲ ತಮ್ಮ ತಮ್ಮ ಆಟವನ್ನು ಉಳಿಸಿಕೊಂಡರು. ನಾವು? ತೆಂಗಿನಕಾಯಿಯನ್ನು ಬರೇ ಚಟ್ನಿಗೆ ಇಟ್ಟುಕೊಂಡೆವು!"

ಮಕ್ಕಳು ಚಪ್ಪಾಳೆ ತಟ್ಟಿದರು. ಭಾಷಣ ಮುಗಿದದ್ದಕ್ಕೆ.

ಮಾಸ್ಟ್ರು ಬಿಡಲಿಲ್ಲ. 'ಕಾಪು ವಲಯ ತೆಂಗಿನಕಾಯಿ ಕುಟ್ಟುವ ಕ್ರೀಡೆಯ ಸಂರಕ್ಷಣಾ ಸಂಘ' ಎಂದು ಬೋರ್ಡು ಬರೆಸಿದರು. ಬೋರ್ಡಿನ ಅಗಲ ಸಾಲದೆ 'ಸಂಘ' ಎಂಬುದನ್ನು ಪೇಂಟರ್ ಹಿಂಬದಿಯಲ್ಲಿ ಬರೆದುಕೊಟ್ಟ. ಫೆಬ್ರವರಿಯ ಮೊದಲ ಭಾನುವಾರ ಪಂದ್ಯ ಎಂದು ಸಾರಿದ್ದೂ ಆಯಿತು. ಹೆಸರು ಕೊಟ್ಟವರು ಮಾತ್ರ ಒಬ್ಬರೇ: ಪೇಟೆಯಲ್ಲಿ ತೆಂಗಿನಕಾಯಿ ಅಂಗಡಿ ಇಟ್ಟಿದ್ದ ಬ್ಯಾರಿ ಸಾಹೇಬರಾದ ಪುತ್ತುಬ್ಬ, ಮಾಸ್ಟ್ರ ಹಳೆಯ ಸ್ನೇಹಿತ.

ಪುತ್ತುಬ್ಬರ ಹತ್ತಿರ ಒಂದು ಕಾಯಿ ಇತ್ತು. ಚಿಕ್ಕದು, ಕಪ್ಪು ಬಣ್ಣದ್ದು, ನೋಡಿದರೆ ಯಾರೂ ಕೊಳ್ಳಲಾರರು. ಅಂಗಡಿಗೆ ಬಂದವರೊಡನೆ ತಮಾಷೆಗೆ ಕುಟ್ಟುತ್ತ ಕುಟ್ಟುತ್ತ ಅದು ಪೇಟೆಯ ಕಾಯಿಗಳನ್ನೆಲ್ಲ ಸೋಲಿಸಿತ್ತು. ಪುತ್ತುಬ್ಬ ಅದನ್ನು ಟರ್ಕಿ ಟವೆಲಿನಲ್ಲಿ ಸುತ್ತಿ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಯೇ ಇಡುತ್ತಿದ್ದರು.

ಕ್ರಿಕೆಟ್ ಹುಡುಗರ ಕ್ಯಾಪ್ಟನ್ ದೇವದಾಸ, ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವ, ಮಾಸ್ಟ್ರ ಮುಖಕ್ಕೇ ಹೇಳಿದ: "ಪುತ್ತುಬ್ಬರ ಕಾಯಿಯೊಳಗೆ ಸಿಮೆಂಟ್ ಉಂಟು ಮಾಸ್ಟ್ರೇ. ಮೋಸ ಇರುವ ಆಟಕ್ಕೆ ನಮ್ಮ ಹುಡುಗರು ಬರುವುದಿಲ್ಲ."

"ಅಲ್ಲಾಡಿಸಿದರೆ ನೀರಿನ ಶಬ್ದ ಬರುತ್ತದಲ್ಲ?"

"ಅರ್ಧ ಸಿಮೆಂಟು, ಅರ್ಧ ನೀರು."

ಮಾತು ಪುತ್ತುಬ್ಬರ ಕಿವಿಗೆ ಬಿತ್ತು. ಅವರು ಕೆಂಡವಾದರು. "ನಾನು ಸಿಮೆಂಟ್ ತುಂಬಿಸುವ ಬ್ಯಾರಿಯಾ? ಸಿಮೆಂಟಿಗೆ ಈಗ ರೇಟು ಎಷ್ಟು ಉಂಟು ಅಂತ ಆ ದೇವದಾಸನಿಗೆ ಗೊತ್ತುಂಟಾ? ಮಾಸ್ಟ್ರೇ, ಇದಕ್ಕೊಂದು ದಾರಿ ಮಾಡಿ."

"ಒಡೆದು ನೋಡಿದರೆ?"

"ಒಡೆದ ಮೇಲೆ ನಾನು ಪಂದ್ಯಕ್ಕೆ ಎಂತದನ್ನು ತರುವುದು? ನನ್ನ ತಲೆಯನ್ನಾ?"

ಏಷ್ಯಾಡಿನಲ್ಲಿ ಆಟಗಾರರು ಮದ್ದು ತಿಂದಿದ್ದಾರೋ ಎಂದು ಪರೀಕ್ಷೆ ಮಾಡುತ್ತಾರೆಂದು ಮಾಸ್ಟ್ರು ಪೇಪರಿನಲ್ಲಿ ಓದಿದ್ದರು. ಆಟಗಾರನಿಗೆ ಪರೀಕ್ಷೆ ಇದ್ದರೆ ಕಾಯಿಗೂ ಇರಲಿ ಎಂದು ಅವರಿಗೆ ಹೊಳೆಯಿತು. ಅವರ ಹಳೆಯ ಶಿಷ್ಯ ಲಿಯೋನೆಲ್ ಉಡುಪಿಯ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದ. ಮಾಸ್ಟ್ರೂ ಪುತ್ತುಬ್ಬರೂ ಮಧ್ಯಾಹ್ನದ ಬಸ್ಸು ಹಿಡಿದರು. ಊಟದ ಹೊತ್ತು, ಕ್ಲಿನಿಕ್ಕಿನಲ್ಲಿ ಲಿಯೋನೆಲ್ ಬಿಟ್ಟರೆ ಯಾರೂ ಇರಲಿಲ್ಲ.

ಪುತ್ತುಬ್ಬ ಟವೆಲು ಬಿಚ್ಚಿ ಕಾಯಿಯನ್ನು ಮೇಜಿನ ಮೇಲೆ ಮಲಗಿಸಿದರು.

"ಎಂತ ಸಾರ್ ಇದು?"

"ಪೇಷೆಂಟು" ಎಂದರು ಮಾಸ್ಟ್ರು.

ಲಿಯೋನೆಲ್ ಒಂದು ಕಾಲದಲ್ಲಿ ಮಾಸ್ಟ್ರ ಕೈಯಲ್ಲಿ ಪೆಟ್ಟು ತಿಂದವನು. ಬೇರೆ ಪ್ರಶ್ನೆ ಕೇಳುವ ಧೈರ್ಯ ಈಗಲೂ ಇರಲಿಲ್ಲ. "ಫಿಲ್ಮಿನ ಮೇಲೆ ಒಂದು ಹೆಸರು ಬೇಕು. ಎಂತ ಬರೆಯುವುದು?"

"ತೆಂಗಿನಕಾಯಿ ಅಂತ ಬರಿ."

"ಹಾಗೆ ಬರೆದರೆ ನನ್ನ ಕೆಲಸ ಹೋಗುತ್ತದೆ ಸಾರ್. ಮನುಷ್ಯನ ಹೆಸರೇ ಬೇಕು."

"ಹಾಗಾದರೆ ನನ್ನದೇ ಬರಿ ಮಾರಾಯ."

ಫಿಲ್ಮನ್ನು ತೊಳೆದು ಒದ್ದೆ ಇರುವಾಗಲೇ ಬೆಳಕಿಗೆ ಹಿಡಿದು ನೋಡಿದರು. ತಿರುಳು, ನೀರು, ಮತ್ತೇನಿಲ್ಲ. ಸಿಮೆಂಟಿನ ಸುಳಿವೇ ಇರಲಿಲ್ಲ. ಪುತ್ತುಬ್ಬ ಕಾಯಿಯ ಜುಟ್ಟು ನೇವರಿಸಿ ಮತ್ತೆ ಟವೆಲು ಸುತ್ತಿದರು. ಒಣಗಲು ಹಾಕಿದ ಫಿಲ್ಮನ್ನು, ಪಂದ್ಯದ ಮೊದಲು ತಂದು ದೇವದಾಸನಿಗೆ ತೋರಿಸಿದರಾಯಿತೆಂದು, ಅಲ್ಲಿಯೇ ಬಿಟ್ಟು ಇಬ್ಬರೂ ಊರಿಗೆ ಬಂದರು. ಲಿಯೋನೆಲ್ ಆ ಸಂಜೆಯೇ ರಜೆ ಹಾಕಿ ಕಾರ್ಕಳಕ್ಕೆ, ಅತ್ತೂರು ಇಗರ್ಜಿಯ ಹಬ್ಬಕ್ಕೆಂದು ಹೆಂಡತಿಯ ಮನೆಗೆ ಹೋದ.

ಕ್ಲಿನಿಕ್ಕಿಗೆ ಸಂಜೆ ಮಾತ್ರ ಬಂದು ಫಿಲ್ಮುಗಳನ್ನು ನೋಡುವ ಒಬ್ಬ ಹಿರಿಯ ಡಾಕ್ಟರಿದ್ದರು. ವಯಸ್ಸಾಗಿತ್ತು, ಒಂದು ಕಣ್ಣಿನ ಪೊರೆ ತೆಗೆಸಿಯಾಗಿತ್ತು, ಇನ್ನೊಂದರದು ಬಾಕಿ ಇತ್ತು. ಅವರು ಆ ಫಿಲ್ಮನ್ನು ಎತ್ತಿ ಹಿಡಿದು ಬಹಳ ಹೊತ್ತು ನೋಡಿ, ಕಂಪೌಂಡರ್ ಲೂಯಿಸನನ್ನು ಕರೆದರು.

"ಈ ಸರ್ವೋತ್ತಮ ಯಾರು?"

"ನಮ್ಮ ಕಾಪುವಿನವರು ಸಾರ್. ನನಗೆ ಗುರ್ತ ಉಂಟು."

"ತಲೆಬುರುಡೆಯ ತುಂಬ ನೀರು. ಮಿದುಳು ಕಾಣುವುದೇ ಇಲ್ಲ. ಎರಡು ಕಣ್ಣಿನ ಗುಳಿ ಉಂಟು, ಬಾಯಿ ಉಂಟು, ಹಲ್ಲು ಒಂದೂ ಇಲ್ಲ. ಈ ಮನುಷ್ಯ ಇಲ್ಲಿಗೆ ಹೇಗೆ ನಡೆದುಕೊಂಡು ಬಂದ?"

"ಬಸ್ಸಿನಲ್ಲಿ ಬಂದಿರಬೇಕು ಸಾರ್."

"ಉದ್ಯೋಗ?"

"ಮಾಸ್ಟ್ರು."

"ಹಾಗಾದರೆ ಇಷ್ಟು ವರ್ಷ ಯಾರಿಗೂ ಗೊತ್ತಾಗದೆ ಇದ್ದದ್ದರಲ್ಲಿ ಆಶ್ಚರ್ಯವಿಲ್ಲ" ಎಂದು ಡಾಕ್ಟರು ನಿಟ್ಟುಸಿರುಬಿಟ್ಟರು. "ಮನೆಯವರಿಗೆ ತಿಳಿಸಿ. ಮಣಿಪಾಲಕ್ಕೆ ಕರೆದುಕೊಂಡು ಹೋಗಲಿ. ಅವರಿಗೆ ಮಾತ್ರ ಹೇಳಬೇಡಿ, ಆಘಾತವಾದೀತು."

ಲೂಯಿಸ್ ಮನೆಯವರಿಗೆ ತಿಳಿಸುವ ಮೊದಲು ಬಸ್ಸಿನವರಿಗೆ ತಿಳಿಸಿದ. ಬಸ್ಸು ಕಾಪು ಮುಟ್ಟುವಾಗ ಅರ್ಧ ಊರಿಗೆ ಗೊತ್ತಾಗಿತ್ತು. ರತ್ನಾವತಿ ಸುದ್ದಿ ಕೇಳಿ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟರು. ಉಪ್ಪು ತರಲು ಹೇಳಿದರೆ ಸಾಬೂನು ತಂದದ್ದು, ಮದುವೆಯ ಮನೆಯಿಂದ ಬೇರೆಯವರ ಚಪ್ಪಲಿ ಹಾಕಿಕೊಂಡು ಬಂದದ್ದು, ಒಂದೊಂದೇ ನೆನಪಾಗಿ ಅವರ ದುಃಖ ಹೆಚ್ಚಿತು. "ಪಾಪ, ಅವರನ್ನು ಎಷ್ಟು ಬೈದೆ. ಮಿದುಳೇ ಇಲ್ಲದಿದ್ದರೆ ಅವರಾದರೂ ಎಂತ ಮಾಡುವುದು?"

ಆ ರಾತ್ರಿ ಊಟಕ್ಕೆ ಕೂತಾಗ ರತ್ನಾವತಿ ಮೆತ್ತಗೆ ಕೇಳಿದರು: "ಒಮ್ಮೆ ಮಣಿಪಾಲಕ್ಕೆ ಹೋಗಿ ಬರುವಾ?"

"ಎಂತಕ್ಕೆ?"

"ಸುಮ್ಮನೆ. ನನಗೆ ಮಂಡಿನೋವು."

"ಪಂದ್ಯ ಒಂದು ಮುಗಿಯಲಿ ರತ್ನಾ. ಅದು ನಡೆದುಬಿಟ್ಟರೆ ನನಗೆ ಮತ್ತೆ ಎಂತದೂ ಬೇಡ."

ರತ್ನಾವತಿ ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಓಡಿದರು. ಬೆಳಿಗ್ಗೆ ನೆರೆಮನೆಗಳಿಗೆಲ್ಲ ಹೋಗಿ ಹೇಳಿದರು: ಅವರ ಕೊನೆಯ ಆಸೆ ಇದೊಂದೇ.

ಅಲ್ಲಿಂದ ಮುಂದೆ ಮಾಸ್ಟ್ರ ಬದುಕು ಬಹಳ ಸುಖದ್ದಾಯಿತು. ಬಸ್ಸು ಹತ್ತಿದರೆ ಸೀಟಿನಲ್ಲಿದ್ದವರೆಲ್ಲ ಎದ್ದು ನಿಲ್ಲುತ್ತಿದ್ದರು. ಕಂಡಕ್ಟರು ಡ್ರೈವರಿಗೆ ಕೂಗಿ ಹೇಳುತ್ತಿದ್ದ: "ಹೊಂಡದಲ್ಲಿ ಮೆಲ್ಲ ಹೋಗು ಮಾರಾಯ, ಒಳಗೆ ನೀರು ತುಂಬಿದವರು ಇದ್ದಾರೆ!" ಯಾರೋ ಕೊಡಪಾನ ತಂದಿರಬೇಕೆಂದು ಮಾಸ್ಟ್ರು ಸೀಟಿನ ಅಡಿಯಲ್ಲಿ ನೋಡಿದರು. ಹೆಡ್‌ಮಾಸ್ಟ್ರು ಇನ್ನು ಕುಳಿತೇ ಡ್ರಿಲ್ ಮಾಡಿಸಿದರೆ ಸಾಕೆಂದರು. ಹೆಜಮಾಡಿಯಿಂದ ಮೀನು ತರುವ ಅಪ್ಪಿ, ಚೌಕಾಸಿ ಮಾಡಿದರೆ ಬುಟ್ಟಿ ಎತ್ತಿಕೊಂಡು ಹೋಗುವವಳು, ದೊಡ್ಡ ಅಂಜಲ್ ಮೀನಿನ ತಲೆಯನ್ನು ಎಲೆಯಲ್ಲಿಟ್ಟು ಪುಕ್ಕಟೆ ಕೊಟ್ಟಳು. "ತಿನ್ನಿ ಮಾಸ್ಟ್ರೇ. ತಲೆಗೆ ತಲೆ ಒಳ್ಳೆಯದು."

ಎಲ್ಲಕ್ಕಿಂತ ದೊಡ್ಡ ಸಂತೋಷ ಬೇರೆಯೇ ಇತ್ತು. ಪಂದ್ಯಕ್ಕೆ ಹೆಸರು ಕೊಡಲು ಜನ ಮನೆಬಾಗಿಲಿಗೆ ಬರತೊಡಗಿದರು. ಶಿಕ್ಷಕರು, ಮೀನುಗಾರರು, ಬೀಡಿ ಬ್ರಾಂಚಿನವರು, ಅಬುಧಾಬಿಯಿಂದ ರಜೆಗೆ ಬಂದವರು. ದೇವದಾಸನೇ ಬಂದು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತು, "ಆ ಭಾನುವಾರ ನಾವು ಕ್ರಿಕೆಟ್ ಆಡುವುದಿಲ್ಲ ಮಾಸ್ಟ್ರೇ. ಮೈದಾನ ನಿಮಗೆ" ಎಂದ. ಸಿಮೆಂಟಿನ ಮಾತನ್ನು ಅವನು ಎತ್ತಲೇ ಇಲ್ಲ. ತಮ್ಮ ಸ್ಕಾಟ್‌ಲೆಂಡಿನ ಭಾಷಣ ಕೊನೆಗೂ ನಾಟಿತೆಂದು ಮಾಸ್ಟ್ರು ತಿಳಿದರು.

ಸತ್ಯ ಗೊತ್ತಿದ್ದದ್ದು ಕಾಪುವಿನಲ್ಲಿ ಒಬ್ಬರಿಗೇ. ಪುತ್ತುಬ್ಬ ಸುದ್ದಿ ಕೇಳಿದ ಕ್ಷಣವೇ ಟವೆಲಿನ ಗಂಟನ್ನೊಮ್ಮೆ ನೋಡಿ ಎಲ್ಲ ಅರ್ಥಮಾಡಿಕೊಂಡಿದ್ದರು. ಹೇಳಿಬಿಡಬೇಕೆಂದು ಎದ್ದೂ ಇದ್ದರು. ಅಷ್ಟರಲ್ಲಿ ಪಂದ್ಯಕ್ಕೆ ಕಾಯಿ ಬೇಕೆಂದು ಅಂಗಡಿಯ ಮುಂದೆ ಜನ ನಿಂತರು. ಪುತ್ತುಬ್ಬ ಮತ್ತೆ ಕುಳಿತರು. ಸತ್ಯ ಕೊಳೆಯುವುದಿಲ್ಲ, ಕಾಯಿ ಕೊಳೆಯುತ್ತದೆ ಎಂದು ತಮಗೆ ತಾವೇ ಹೇಳಿಕೊಂಡರು.

ಭಾನುವಾರ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೈಕು ಬಂದಿತ್ತು, ಬೋರ್ಡನ್ನು ಎರಡೂ ಬದಿ ಕಾಣುವಂತೆ ಕಟ್ಟಿದ್ದರು, ಮೂಲೆಯಲ್ಲಿ ಪುತ್ತುಬ್ಬ ಗಾಡಿಯ ತುಂಬ ಕಾಯಿ ತಂದು ನಿಲ್ಲಿಸಿದ್ದರು. ಮಾಸ್ಟ್ರು ಬಿಳಿ ಪ್ಯಾಂಟು, ಬಿಳಿ ಕ್ಯಾನ್ವಾಸ್ ಶೂ ಹಾಕಿ, ಕೊರಳಿಗೆ ಸೀಟಿ ಕಟ್ಟಿಕೊಂಡು ತಾವೂ ಆಟಕ್ಕಿಳಿದರು.

ಮೊದಲ ಎದುರಾಳಿ ಹೆಡ್‌ಮಾಸ್ಟ್ರು. ಮಾಸ್ಟ್ರು ಒಂದೇ ಏಟು ಕೊಟ್ಟರು, ಹೆಡ್‌ಮಾಸ್ಟ್ರ ಕಾಯಿ ಎರಡು ಹೋಳು. ಜನ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದರು. ಎರಡನೆಯವರು ಅಂಚೆಯಣ್ಣ, ಅವರ ಕಾಯಿಯೂ ಹೋಯಿತು. ಆಮೇಲೆ ಬಂದವರದೂ ಹಾಗೆಯೇ. ಮಾಸ್ಟ್ರ ಎದೆ ಉಬ್ಬಿತು. ಅಜೆಕಾರಿನಲ್ಲಿ ಅವರು ಇಷ್ಟು ಕಾಯಿ ಗೆದ್ದದ್ದೇ ಇಲ್ಲ. ನಿಜ ಹೇಳಬೇಕೆಂದರೆ ಅಲ್ಲಿ ಅವರು ಗೆದ್ದದ್ದೇ ಅಪರೂಪ.

ಆಮೇಲೆ ದೇವದಾಸನ ಸರದಿ. ಮಾಸ್ಟ್ರು ಕೈ ಎತ್ತಿದರು. ಕುಟ್ಟುವ ಮೊದಲೇ ದೇವದಾಸನ ಕಾಯಿಯಿಂದ ನೀರು ಸೋರಿತು.

ಮಾಸ್ಟ್ರು ಎತ್ತಿದ ಕೈ ಇಳಿಸಿದರು. "ಎಂತ ಇದು ದೇವದಾಸ? ಒಡೆದ ಕಾಯಿ ತಂದಿದ್ದೀಯಾ?"

"ಇಲ್ಲ ಮಾಸ್ಟ್ರೇ."

"ಸತ್ಯ ಹೇಳು. ನೀವೆಲ್ಲ ಬೇಕೆಂದೇ ಸೋಲುತ್ತಿದ್ದೀರಾ?"

ದೇವದಾಸನಿಗೆ ತಡೆಯಲಾಗಲಿಲ್ಲ. ಅವನು ಮಾಸ್ಟ್ರ ಎರಡೂ ಕೈ ಹಿಡಿದು ಅತ್ತುಬಿಟ್ಟ. "ನಿಮ್ಮ ಕೊನೆಯ ಆಸೆಯಲ್ವಾ ಮಾಸ್ಟ್ರೇ! ತಲೆ ತುಂಬ ನೀರು ಇಟ್ಟುಕೊಂಡು, ಮಿದುಳಿಲ್ಲದೆ, ಎಷ್ಟು ಚಂದ ಪಂದ್ಯ ಮಾಡಿಸಿದ್ದೀರಿ!"

ಮಾಸ್ಟ್ರಿಗೆ ವಿಷಯ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಫಿಲ್ಮಿನ ಮೇಲೆ ಬರೆಸಿದ ತಮ್ಮ ಹೆಸರು, ಬಸ್ಸಿನ ಸೀಟು, ಅಪ್ಪಿಯ ಮೀನಿನ ತಲೆ, ಹೆಂಡತಿಯ ಮಂಡಿನೋವು ಎಲ್ಲವೂ ಒಟ್ಟಿಗೆ ಅರ್ಥವಾಗಿ ಅವರ ಮುಖ ಕೆಂಪಾಯಿತು. ಗೆದ್ದ ಕಾಯಿಗಳ ರಾಶಿಯನ್ನು ನೋಡಿದರು. ಅಷ್ಟೂ ದಾನವಾಗಿ ಬಂದದ್ದು. ಅವರು ಹೋಗಿ ಮೈಕು ಕಿತ್ತುಕೊಂಡರು.

"ಮಹಾಜನರೇ! ಎಕ್ಸ್‌ರೇಯಲ್ಲಿ ಕಂಡದ್ದು ನನ್ನ ತಲೆಯಲ್ಲ! ಅದು ತೆಂಗಿನಕಾಯಿ!"

ಹೆಂಗಸರ ಸಾಲಿನಿಂದ ಅಪ್ಪಿಯ ದನಿ ಕೇಳಿತು: "ಅಯ್ಯೋ ದೇವರೇ, ಈಗ ತನ್ನ ತಲೆಯನ್ನೇ ತೆಂಗಿನಕಾಯಿ ಎನ್ನುತ್ತಿದ್ದಾರೆ!"

"ಅಲ್ಲ! ತೆಂಗಿನಕಾಯಿ ಬೇರೆ, ತಲೆ ಬೇರೆ!"

"ಹೌದು ಮಾಸ್ಟ್ರೇ, ಬೇರೆ ಬೇರೆ. ನೀವು ಕುಳಿತುಕೊಳ್ಳಿ" ಎಂದು ಹೆಡ್‌ಮಾಸ್ಟ್ರು ಕುರ್ಚಿ ತಂದರು.

"ಪುತ್ತುಬ್ಬ ಸಾಹೇಬ್ರೇ! ನೀವಾದರೂ ಹೇಳಿ! ಅದು ನಿಮ್ಮ ಕಾಯಿ ಹೌದಾ ಅಲ್ವಾ?"

ಪುತ್ತುಬ್ಬ ಗಾಡಿಯಲ್ಲಿ ಇನ್ನೂ ಉಳಿದಿದ್ದ ಕಾಯಿಗಳನ್ನು ನೋಡಿದರು, ಸ್ನೇಹಿತನ ಮುಖ ನೋಡಿದರು. ಕೊನೆಗೆ ನಾಚಿಕೆಯಿಂದ, ಬಹಳ ಮೆಲ್ಲಗೆ, "ಮಾಸ್ಟ್ರು ಹೇಳಿದ್ದು ಸರಿ" ಎಂದರು. ಅದು ಹುಚ್ಚನನ್ನು ಸಮಾಧಾನ ಮಾಡಿದ ಹಾಗೆ ಕೇಳಿತು. ಯಾರೂ ನಂಬಲಿಲ್ಲ.

ಮಾಸ್ಟ್ರು ಸೋತು ಕುರ್ಚಿಯಲ್ಲಿ ಕುಳಿತರು. ಆಗ ಜನರನ್ನು ಸರಿಸಿಕೊಂಡು ಒಬ್ಬ ಮುದುಕಿ ಮುಂದೆ ಬಂದರು. ಪುತ್ತುಬ್ಬರ ತಾಯಿ ಬೀಪಾತುಮ್ಮ. ಎಪ್ಪತ್ತು ದಾಟಿದ್ದರೂ ದಿನಾ ಅಂಗಡಿಗೆ ಬಂದು ಮಗನ ವ್ಯಾಪಾರದಲ್ಲಿ ತಪ್ಪು ಹುಡುಕುವವರು. ತಲೆಯ ಬಿಳಿ ವಸ್ತ್ರವನ್ನು ಬಿಗಿಮಾಡಿಕೊಂಡು, ಕೈಯಲ್ಲೊಂದು ಕಾಯಿ ಹಿಡಿದು ಮಾಸ್ಟ್ರ ಎದುರು ನೆಲದಲ್ಲಿ ಕುಳಿತರು.

"ಉಮ್ಮಾ, ಎಂತ ಮಾಡ್ತೀರಿ!" ಎಂದು ಪುತ್ತುಬ್ಬ ಓಡಿಬಂದರು.

"ನೀನು ಸುಮ್ಮನಿರು. ಮಾಸ್ಟ್ರೇ, ಕೆಳಗೆ ಕುಳಿತುಕೊಳ್ಳಿ."

"ನೀವೂ ಸೋತುಕೊಡಲು ಬಂದದ್ದಾ ಅಮ್ಮಾ?"

"ನಾನಾ? ನಾನು ಎಂತಕ್ಕೆ ಸೋಲುವುದು? ನೀವು ಸಾಯುವವರೋ ಬದುಕುವವರೋ ಅದು ಹುಟ್ಟಿಸಿದವನಿಗೆ ಗೊತ್ತು. ಕಾಯಿಗೆ ಅದೆಲ್ಲ ಗೊತ್ತಿಲ್ಲ. ಹಿಡಿಯಿರಿ."

ಮಾಸ್ಟ್ರು ಕುರ್ಚಿಯಿಂದ ಜಾರಿ ನೆಲಕ್ಕೆ ಬಂದರು. ಮೊದಲು ಅವರು ಕುಟ್ಟಿದರು. ಮುದುಕಿಯ ಕಾಯಿ ಅಲುಗಲಿಲ್ಲ. ಬೀಪಾತುಮ್ಮ ತಮ್ಮ ಕಾಯಿಯನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಉಸಿರು ಹಿಡಿದು, ಬಿಸ್ಮಿಲ್ಲಾ ಎಂದು ಒಂದು ಏಟು ಹಾಕಿದರು. ಮಾಸ್ಟ್ರ ಕಾಯಿ ಚೂರುಚೂರಾಯಿತು. ಜೊತೆಗೆ ಹೆಬ್ಬೆರಳೂ ಜಜ್ಜಿತು.

"ಸೋತೆ!" ಎಂದು ಮಾಸ್ಟ್ರು ಎದ್ದು ಕುಣಿದರು. "ನೋಡಿ, ಸರಿಯಾಗಿ ಸೋತೆ! ಬೆರಳು ಊದಿದೆ ನೋಡಿ!"

ರತ್ನಾವತಿ ಜೋರಾಗಿ ಅಳತೊಡಗಿದರು. ಯಾರೋ ಮಣಿಪಾಲಕ್ಕೆ ಕಾರು ಹುಡುಕಲು ಓಡಿದರು. ಲಿಯೋನೆಲ್ ಕೈಯಲ್ಲಿ ಹಬ್ಬದ ಮಿಠಾಯಿಯ ಪೊಟ್ಟಣ ಹಿಡಿದು ಕಾರ್ಕಳದ ಬಸ್ಸಿನಿಂದ ಇಳಿದು ಬಂದದ್ದು ಅದೇ ಗದ್ದಲದಲ್ಲಿ. ಗುರುಗಳ ಪಂದ್ಯ ನೋಡಲು ಬಂದವನಿಗೆ ಗುರುಗಳ ತಲೆಯ ಕಥೆ ಕೇಳಿ ನಗು ತಡೆಯಲಾಗಲಿಲ್ಲ. ಅವನನ್ನು ಹೊಡೆಯಲು ಇಬ್ಬರು ಮುಂದೆ ಬಂದರು.

"ಅದು ತೆಂಗಿನಕಾಯಿಯೇ ಮಾರಾಯ್ರೇ! ಎಕ್ಸ್‌ರೇ ತೆಗೆದವನು ನಾನೇ!"

"ಡಾಕ್ಟರು ಕಣ್ಣು ಉಂಟು, ಬಾಯಿ ಉಂಟು ಹೇಳಿದರಲ್ಲ?" ಎಂದ ಲೂಯಿಸ್.

"ತೆಂಗಿನಕಾಯಿಗೂ ಉಂಟಲ್ಲ!"

ಲೂಯಿಸ್ ಪಕ್ಕದಲ್ಲಿದ್ದ ಒಂದು ಕಾಯಿ ಎತ್ತಿ ಅದರ ಮೂರು ಕಣ್ಣುಗಳನ್ನು ನೋಡಿದ. ಆಮೇಲೆ ಮಾಸ್ಟ್ರ ಮುಖ ನೋಡಿದ. ಮತ್ತೆ ಕಾಯಿ ನೋಡಿದ. "ಹೌದಲ್ಲ" ಎಂದ.

ಮೊದಲು ನಕ್ಕವರು ಯಾರೆಂದು ಗೊತ್ತಿಲ್ಲ. ಆದರೆ ಮೊದಲು ಸಿಟ್ಟಾದವನು ದೇವದಾಸ. "ಹಾಗಾದರೆ ನಾನು ಎಂತಕ್ಕೆ ಸೋತದ್ದು? ಇಡೀ ಊರಿನ ಎದುರು ಅತ್ತಿದ್ದೇನೆ ಬೇರೆ! ಇದು ಲೆಕ್ಕಕ್ಕಿಲ್ಲ. ಇನ್ನೊಮ್ಮೆ ಆಡಬೇಕು."

"ನನ್ನದೂ ಲೆಕ್ಕಕ್ಕಿಲ್ಲ" ಎಂದರು ಹೆಡ್‌ಮಾಸ್ಟ್ರು, ಅಂಗಿಯ ತೋಳು ಮಡಚುತ್ತ. "ನನ್ನ ಕಾಯಿಗೆ ಮನೆಯಲ್ಲಿಯೇ ಸುತ್ತಿಗೆಯಲ್ಲಿ ಬಡಿದು ತಂದಿದ್ದೆ."

ಸೋತವರೆಲ್ಲ ಗಾಡಿಗೆ ಮುಗಿಬಿದ್ದರು. ಪುತ್ತುಬ್ಬ ಕಾಯಿ ಕೊಡಲು ಹೋದರೆ ಬೀಪಾತುಮ್ಮ ಅಡ್ಡ ನಿಂತರು. "ನಿನಗೆ ಮೊದಲೇ ಗೊತ್ತಿತ್ತಲ್ಲ? ಮಾಸ್ಟ್ರ ಹೆಂಡತಿ ಒಂದು ವಾರ ಅತ್ತಳು. ನೀನು ವ್ಯಾಪಾರ ಮಾಡಿದೆಯಾ? ತೆಗೆ ನಿನ್ನ ಟವೆಲಿನದ್ದು."

ಪುತ್ತುಬ್ಬ ತಾಯಿಯ ಎದುರು ಕುಳಿತರು. ಟವೆಲು ಬಿಚ್ಚಿ ಕಾಯಿ ಹಿಡಿದರು. ಪೇಟೆಯನ್ನೇ ಸೋಲಿಸಿದ ಆ ಕರಿಯ ಕಾಯಿ ಬೀಪಾತುಮ್ಮನ ಎರಡನೆಯ ಏಟಿಗೆ ಬಿರುಕುಬಿಟ್ಟಿತು. ಅವರು ಅದರ ನೀರನ್ನು ಅಲ್ಲಿಯೇ ಕುಡಿದು, ಬಾಯಿ ಒರೆಸಿಕೊಂಡು, "ಸಿಹಿ ಉಂಟು" ಎಂದರು. ಗಾಡಿಯ ಕಾಯಿಗಳನ್ನು ಅಂದು ಪುತ್ತುಬ್ಬ ಎಲ್ಲರಿಗೂ ಪುಕ್ಕಟೆ ಕೊಡಬೇಕಾಯಿತು.

ಅಸಲು ಪಂದ್ಯ ಆಮೇಲೆ ನಡೆಯಿತು. ಸುತ್ತುಗಳಿಲ್ಲ, ಸಂಘದ ನಿಯಮಗಳಿಲ್ಲ; ಕಂಡಕಂಡವರು ಕಂಡಕಂಡಲ್ಲಿ ಕುಳಿತು ಕುಟ್ಟಿದರು. ಮಾಸ್ಟ್ರು ಮತ್ತೆ ಮತ್ತೆ ಸೀಟಿ ಊದಿದ್ದನ್ನು ಯಾರೂ ಕೇಳಲಿಲ್ಲ. ದೇವದಾಸ ಮಾಸ್ಟ್ರನ್ನು ಸೋಲಿಸಿದ, ಹೆಡ್‌ಮಾಸ್ಟ್ರು ಸೋಲಿಸಿದರು, ಲೂಯಿಸನೂ ಸೋಲಿಸಿದ. ಪ್ರತಿ ಸಲವೂ ಮಾಸ್ಟ್ರು ಜಗಳ ಮಾಡಿದರು. ಕೈ ಅಲುಗಿತು, ಕಾಯಿ ಅಡ್ಡ ಹಿಡಿದೆ, ಬಿಸಿಲು ಕಣ್ಣಿಗೆ ಹೊಡೆಯಿತು ಎಂದರು. ಅಬುಧಾಬಿಯವನೊಬ್ಬ ಅಪ್ಪಿಗೆ ಸೋತು ಇನ್ನೊಂದು ಕಾಯಿಗಾಗಿ ಮನೆಗೆ ಓಡಿದ. ಮೈದಾನದ ಮಣ್ಣೆಲ್ಲ ತೆಂಗಿನಕಾಯಿ ನೀರಿನ ವಾಸನೆ ಹಿಡಿಯಿತು.

ಹೊತ್ತು ಇಳಿಯುವಾಗ ಮಾಸ್ಟ್ರ ಎದುರು ರತ್ನಾವತಿ ಬಂದು ಕುಳಿತರು. ಅತ್ತು ಅತ್ತು ಕಣ್ಣು ಊದಿಕೊಂಡಿತ್ತು. ಕೈಯಲ್ಲಿ ಒಂದು ದೊಡ್ಡ ಕಾಯಿ.

"ನೀನು ಆಡುತ್ತೀಯಾ ರತ್ನಾ?" ಎಂದು ಮಾಸ್ಟ್ರು ಹಲ್ಲುಬಿಟ್ಟರು.

"ಎಕ್ಸ್‌ರೇ ತೆಗೆಸಿಕೊಂಡು ಬಂದವರು ಮನೆಯಲ್ಲಿ ಒಂದು ಮಾತು ಹೇಳಬಾರದಿತ್ತಾ?"

"ತೆಂಗಿನಕಾಯಿಯ ಎಕ್ಸ್‌ರೇ ತೆಗೆಸಿದೆ ಅಂತ ಹೇಳಿದರೆ ನೀನು ಬೈಯುತ್ತಿರಲಿಲ್ವಾ?"

"ಬೈಯುತ್ತಿದ್ದೆ. ಒಂದು ದಿನ ಬೈಯುತ್ತಿದ್ದೆ. ಹಿಡಿಯಿರಿ ಕಾಯಿ."

ಮಾಸ್ಟ್ರು ಹಿಡಿದರು. ರತ್ನಾವತಿ ಕುಟ್ಟಿದರು. ಒಡೆಯಲಿಲ್ಲ. ಮಾಸ್ಟ್ರು ಕುಟ್ಟಿದರು, ಅದೂ ಒಡೆಯಲಿಲ್ಲ. ಸುತ್ತ ನಿಂತವರು ಮೊದಲು ಕೂಗಿದರು, ಆಮೇಲೆ ಬೇಸರಬಂದು ಒಬ್ಬೊಬ್ಬರಾಗಿ ಮನೆಗೆ ಹೊರಟರು. ಮೈಕಿನವನು ಮೈಕು ಬಿಚ್ಚಿದ. ಬೀಪಾತುಮ್ಮ ಗೆದ್ದ ಕಾಯಿಗಳನ್ನು ಮಗನ ತಲೆಯ ಮೇಲೆ ಹೊರಿಸಿಕೊಂಡು ಹೋದರು.

"ಸಾಕಾ?" ಎಂದರು ಮಾಸ್ಟ್ರು, ಊದಿದ ಬೆರಳನ್ನು ಬಾಯಲ್ಲಿಟ್ಟುಕೊಂಡು.

"ನಿಮಗೆ ಸಾಕಾದರೆ ಸೋತೆ ಅಂತ ಹೇಳಿ."

"ನಾನಾ? ನಿನ್ನ ಎದುರು?"

"ಹಾಗಾದರೆ ಹಿಡಿಯಿರಿ" ಎಂದು ರತ್ನಾವತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.